ಚಿಪ್ಪಿಕಲ್ಲು ಕೊಳ್ಳುವಾಗ ಕೇಳಿ: ಇದು ಯಾವ ಹೊಳೆಯದು?

(ಕರಾವಳಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲಿಗೆ ಒಂದು ಲೆಕ್ಕ.

2008ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ (ಹೊಳೆ ಕಡಲು ಸೇರುವ ಜಾಗದ) ಚಿಪ್ಪಿಕಲ್ಲಿಗೆ, ಅಂದರೆ ಎರಡು ಚಿಪ್ಪಿನೊಳಗೆ ಬದುಕುವ, ನಾವು ತಿನ್ನುವ ಜೀವಿಗೆ, ಎಷ್ಟು ಬೆಲೆ ಇದೆ ಅಂತ ಲೆಕ್ಕ ಹಾಕಿದರು. ಆ ಒಂದು ಅಳಿವೆಯಿಂದಲೇ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪಿ ಮೇಲೆ ಬರುತ್ತಿತ್ತು. ಅದರ ಒಟ್ಟು ಬೆಲೆ 5.78 ಕೋಟಿ ರೂಪಾಯಿ. ಈ ಕೆಲಸವನ್ನು ನಂಬಿದವರು 2,347 ಜನ. ನೀವೇ ಭಾಗಿಸಿ ನೋಡಿ. ಕೆಜಿಗೆ ಎರಡು ರೂಪಾಯಿ ಅರವತ್ತು ಪೈಸೆ ಚಿಲ್ಲರೆ. ತಲೆಗೆ ವರ್ಷಕ್ಕೆ ಇಪ್ಪತ್ತೈದು ಸಾವಿರವೂ ಇಲ್ಲ.

ಅದೇ ಚಿಪ್ಪಿ ಇವತ್ತು ದೊಡ್ಡ ಊರಿನ ಕರಾವಳಿ ಹೋಟೆಲಿನಲ್ಲಿ ಒಂದು ಪ್ಲೇಟ್ ಸುಕ್ಕಾ ಆಗಿ ಮೇಜಿಗೆ ಬಂದರೆ ಬೆಲೆ ನೂರುಗಳಲ್ಲಿ. ಮೊದಲೆಲ್ಲ ಮೀನು ಕೊಳ್ಳಲು ದುಡ್ಡಿಲ್ಲದ ದಿನ ಹೊಳೆಗೆ ಹೋಗಿ ಹೆಕ್ಕಿ ತರುತ್ತಿದ್ದರು. ಬೇಕಾದದ್ದು ಒಂದು ಬುಟ್ಟಿ, ಸ್ವಲ್ಪ ಪುರುಸೊತ್ತು, ಅಷ್ಟೇ. ಈಗ ಅದು ಊರಿಗೆ ಬಂದ ನೆಂಟರಿಗೆ ವಿಶೇಷ ಅಂತ ಮಾಡಿ ಬಡಿಸುವ ಅಡುಗೆ. ಬೆಲೆ ಏರಿತು, ಸರಿ. ಆದರೆ ಏರಿದ ಬೆಲೆಗೆ ನಮಗೆ ಸಿಗುತ್ತಿರುವುದು ಏನು? ಅಸಲಿ ಮಾಲಾ? ಸುರಕ್ಷಿತ ಮಾಲಾ? ಇದನ್ನೇ ಇವತ್ತು ಮಾತಾಡೋಣ ಅಂತ.

ಮಂಗಳೂರಿನವರು ಮರುವಾಯಿ ಅನ್ನುತ್ತಾರೆ, ಕುಮಟಾ ಕಡೆಯವರು ಬಳಚು ಅನ್ನುತ್ತಾರೆ, ಕೊಂಕಣಿ ಮನೆಗಳಲ್ಲಿ ತಿಸ್ರೆ. ಬಂಡೆಗೆ ಅಂಟಿ ಬೆಳೆಯುವುದು ಇನ್ನೊಂದು ಜಾತಿ, ಅದು ಪಚ್ಚಿಲೆ ಅಥವಾ ನೀಲಿಕಲ್ಲು. ನಾನು ಚಿಪ್ಪಿ ಅಂದಾಗ ನಿಮ್ಮ ಮನೆಯ ಹೆಸರನ್ನು ಹಾಕಿಕೊಂಡು ಕೇಳಿ.

ಹೆಕ್ಕುವ ಕೆಲಸ ನೋಡಿದವರಿಗೆ ಬೆಲೆಯ ಬಗ್ಗೆ ತಕರಾರು ಇರುವುದಿಲ್ಲ. ಹೊಳೆ ಇಳಿತ ಇರುವ ಮೂರ್ನಾಲ್ಕು ಗಂಟೆಯೇ ಕೆಲಸದ ಹೊತ್ತು. ಆ ಹೊತ್ತು ದಿನವೂ ಮುಂದೆ ಹೋಗುತ್ತಾ ಇರುತ್ತದೆ. ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದಲೇ ಕೆಸರು ತಡಕುತ್ತಾರೆ. ಅಂಗಾಲಿಗೆ ಗಟ್ಟಿಯಾಗಿ ಏನೋ ತಾಗಿದರೆ ಬಗ್ಗಿ ಕೈ ಹಾಕಬೇಕು. ಮುರಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಉಪ್ಪುನೀರಿನಲ್ಲಿ ಆ ಗಾಯ ಬೇಗ ಮಾಗುವುದಿಲ್ಲ. ಪಚ್ಚಿಲೆ ತೆಗೆಯುವ ಗಂಡಸರದ್ದು ಇನ್ನೂ ಕಷ್ಟ. ಅಲೆ ಬಡಿಯುವ ಬಂಡೆಯ ಬುಡಕ್ಕೆ ಮುಳುಗಿ ಕಬ್ಬಿಣದ ಉಳಿಯಿಂದ ಎಬ್ಬಿಸಿ ತರಬೇಕು. ಇನ್ನು ತೂಕದ ಮಾತು. ಒಂದು ಕೆಜಿ ಚಿಪ್ಪಿಯಲ್ಲಿ ತಿನ್ನುವ ಮಾಂಸ ನೂರು, ಹೆಚ್ಚೆಂದರೆ ನೂರೈವತ್ತು ಗ್ರಾಂ. ಉಳಿದದ್ದೆಲ್ಲ ಚಿಪ್ಪು. ಮಂಗಳೂರು ಕಡೆ ನೂರರ ಲೆಕ್ಕದಲ್ಲಿ ಎಣಿಸಿ ಮಾರುವ ರೂಢಿ ಇದೆ. ನನಗೆ ಅದೇ ಪ್ರಾಮಾಣಿಕ ಲೆಕ್ಕ ಅನಿಸುತ್ತದೆ.

ಬೆಲೆ ಏರಲು ಕೂಲಿ ಒಂದೇ ಕಾರಣ ಅಲ್ಲ. ಗೋವಾದ ಮಾರುಕಟ್ಟೆ ನಮ್ಮ ಉತ್ತರ ಕನ್ನಡದ ಚಿಪ್ಪಿಯನ್ನು ಎಷ್ಟು ಕೊಟ್ಟರೂ ತೆಗೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಹೊಳೆಗೆ ಸಿಹಿನೀರು ನುಗ್ಗಿ ಹಿಡಿಯುವುದು ನಿಲ್ಲುತ್ತದೆ. ಇದೆಲ್ಲ ಹಳೆಯ ಕಥೆ. ಹೊಸದು ಏನೆಂದರೆ ಚಿಪ್ಪಿ ಬೆಳೆಯುವ ಜಾಗವೇ ಕಡಿಮೆ ಆಗುತ್ತಿದೆ. ಮರಳು ತೆಗೆದರೆ ಮರಿ ಕೂರುವ ನೆಲ ಹೋಗುತ್ತದೆ. ಚಿಪ್ಪಿಗೆ ಉಪ್ಪು ಮತ್ತು ಸಿಹಿನೀರು ಹದವಾಗಿ ಬೆರೆತ ನೀರು ಬೇಕು. ಪಕ್ಕದ ಹೊನ್ನಾವರದ ಶರಾವತಿ ನೋಡಿ. ಲಿಂಗನಮಕ್ಕಿ ಅಣೆಕಟ್ಟು ಆಯಿತು, ಆಮೇಲೆ ಗೇರುಸೊಪ್ಪೆ ಆಯಿತು. ಕರೆಂಟು ಮಾಡಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಬರುತ್ತಲೇ ಇರುತ್ತದೆ. ಉಪ್ಪಿನ ಅಂಶ ಇಳಿಯಿತು, ತಿನ್ನುವ ಚಿಪ್ಪಿ ಜಾತಿಗಳು ಅಲ್ಲಿ ಬಹಳ ಕಡಿಮೆಯಾದವು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿಯೇ ಅಲ್ಲಿ ಇನ್ನೂ ಉಳಿದಿದೆ. ಅದೇ ಅಳಿವೆಯ ದಡದ ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಮಾಡುವ ಪ್ರಸ್ತಾಪ ಬಂದಾಗ ಜನ ಎದ್ದು ನಿಂತರು, ಅದನ್ನು ಕೈಬಿಟ್ಟರು. 2024ರ ಜನವರಿಯಲ್ಲಿ ಈ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ಜಿಲ್ಲೆಗಳಿಗೆ ಇದು ಸಣ್ಣ ಗೌರವ ಅಲ್ಲ.

ಈಗ ಸುರಕ್ಷತೆಗೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಮೀನು ಈಜಿ ಹೋಗಿ ಊಟ ಹುಡುಕುತ್ತದೆ. ಚಿಪ್ಪಿ ಕೂತಲ್ಲೇ ಕೂತು ನೀರನ್ನು ಒಳಗೆ ಎಳೆದು, ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿಯನ್ನು ಸೋಸಿ ಉಳಿಸಿಕೊಂಡು, ನೀರನ್ನು ಹೊರಗೆ ಬಿಡುತ್ತದೆ. ಒಂದು ದೊಡ್ಡ ಪಚ್ಚಿಲೆ ಗಂಟೆಗೆ ಲೀಟರುಗಟ್ಟಲೆ ನೀರು ಸೋಸಬಲ್ಲದು. ಹಗಲು ರಾತ್ರಿ ಇದೇ ಕೆಲಸ. ಆ ನೀರಿನಲ್ಲಿ ಕಕ್ಕಸಿನ ನೀರು ಸೇರಿದ್ದರೆ ಅದರ ಬ್ಯಾಕ್ಟೀರಿಯಾ, ವೈರಸ್ ಎಲ್ಲ ಚಿಪ್ಪಿಯ ಹೊಟ್ಟೆಯಲ್ಲಿ ಸೇರುತ್ತಾ ಹೋಗುತ್ತವೆ. ದೊಡ್ಡ ಮೀನಿನ ಹೊಟ್ಟೆಯನ್ನು ನಾವು ಸೀಳಿ ತೆಗೆದು ಬಿಸಾಡುತ್ತೇವೆ. ಚಿಪ್ಪಿಯನ್ನು ಹೊಟ್ಟೆ ಸಮೇತ ತಿನ್ನುತ್ತೇವೆ. ವ್ಯತ್ಯಾಸ ಗೊತ್ತಾಯಿತಲ್ವಾ?

1988ರ ಶುರುವಿನಲ್ಲಿ ಚೀನಾದ ಶಾಂಘೈಯಲ್ಲಿ ಸುಮಾರು ಮೂರು ಲಕ್ಷ ಜನರಿಗೆ ಕಾಮಾಲೆ ಬಂತು. ಕೆಲವೇ ವಾರಗಳಲ್ಲಿ ಒಂದೇ ಊರಿನಲ್ಲಿ. ಕಾರಣ ಚಿಪ್ಪಿ. ಕೊಳಚೆ ಸೇರಿದ ಕಡಲತೀರದಿಂದ ಬಂದ ಮಾಲು. ಅಲ್ಲಿನವರಿಗೆ ಅದನ್ನು ಪೂರ್ತಿ ಬೇಯಿಸಿ ತಿನ್ನುವ ರೂಢಿ ಇರಲಿಲ್ಲ. ಕುದಿಯುವ ನೀರಲ್ಲಿ ಒಮ್ಮೆ ಅದ್ದಿ ತೆಗೆದು ತಿಂದುಬಿಡುತ್ತಿದ್ದರು. ಆ ಕಾಮಾಲೆ ತಂದ ಹೆಪಟೈಟಿಸ್ ಎ ವೈರಸ್ ಅಷ್ಟು ಬಿಸಿಗೆ ಸಾಯುವುದಿಲ್ಲ. ಮಾಂಸದ ಒಳಗೆ 90 ಡಿಗ್ರಿ ಬಿಸಿ ಒಂದೂವರೆ ನಿಮಿಷವಾದರೂ ಇರಬೇಕು. ನಮ್ಮ ಅಡುಗೆಯಲ್ಲಿ ಚಿಪ್ಪಿಯನ್ನು ಮಸಾಲೆಯಲ್ಲಿ ಚೆನ್ನಾಗಿ ಕುದಿಸುತ್ತೇವೆ. ನಮ್ಮ ಅಜ್ಜಿಯಂದಿರ ಈ ಪದ್ಧತಿ ನಮ್ಮನ್ನು ಬಹಳ ಕಾಪಾಡಿದೆ. ಈಗ ದೊಡ್ಡ ಹೋಟೆಲುಗಳಲ್ಲಿ ಬಾಯಿ ತೆರೆದ ಕೂಡಲೇ ಇಳಿಸುವ, ಹಸಿಯಾಗಿಯೇ ನಿಂಬೆ ಹಿಂಡಿ ಕೊಡುವ ಶೈಲಿ ಬರುತ್ತಿದೆ. ಪರೀಕ್ಷೆಯೇ ಆಗದ ನೀರಿನ ಚಿಪ್ಪಿಗೆ ಈ ಶೈಲಿ ಬೇಡ ಅಂತ ಖಂಡಿತವಾಗಿ ಹೇಳುತ್ತೇನೆ.

ಆದರೆ ಕುದಿಸಿದರೂ ಹೋಗದ ಒಂದು ವಿಷ ಇದೆ. ಅದರ ಕಥೆ ನಮ್ಮ ಬಾಗಿಲಲ್ಲೇ ಆಗಿದೆ, ಆದರೂ ಹೆಚ್ಚಿನವರಿಗೆ ಗೊತ್ತಿಲ್ಲ.

1983ರ ಏಪ್ರಿಲ್. ಮಂಗಳೂರಿಂದ ತುಸು ದಕ್ಷಿಣಕ್ಕೆ ಕುಂಬಳೆ ಅಳಿವೆ. ಅಲ್ಲಿಯ ಚಿಪ್ಪಿ ತಿಂದವರು ಕಾಯಿಲೆ ಬಿದ್ದರು, ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ಜೊತೆಗಾರರು ಅದರ ಹಿಂದೆ ಬಿದ್ದು, ಇದು ಪಾರ್ಶ್ವವಾಯು ತರುವ ಚಿಪ್ಪಿವಿಷ ಅಂತ ತೋರಿಸಿದರು. 1984ರಲ್ಲಿ ಅದು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಹದಿನಾಲ್ಕು ವರ್ಷ ಕಳೆದು, 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಞ್ಞಂನಲ್ಲಿ ಕಂದು ಪಚ್ಚಿಲೆ ತಿಂದು ಏಳು ಜನ ಸತ್ತರು, ಸುಮಾರು ಐನೂರು ಜನ ಆಸ್ಪತ್ರೆ ಸೇರಿದರು.

ಇದು ಆಗುವುದು ಹೀಗೆ. ನೀರಿನಲ್ಲಿ ಕೆಲವು ಜಾತಿಯ ಸೂಕ್ಷ್ಮ ಪಾಚಿಗಳು ಇರುತ್ತವೆ. ಬಿಸಿಲು, ಗೊಬ್ಬರದಂಥ ಪೋಷಕಾಂಶ, ನಿಂತ ನೀರು ಎಲ್ಲ ಕೂಡಿ ಬಂದಾಗ ಒಮ್ಮೆಲೇ ಕೋಟಿಗಟ್ಟಲೆ ಆಗುತ್ತವೆ. ಅವುಗಳಲ್ಲಿ ಸ್ಯಾಕ್ಸಿಟಾಕ್ಸಿನ್ ಅನ್ನುವ ವಿಷ ಇರುತ್ತದೆ. ಚಿಪ್ಪಿ ಅದನ್ನು ತಿಂದು ಒಳಗೆ ಇಟ್ಟುಕೊಳ್ಳುತ್ತದೆ, ಅದು ತಾನು ಸಾಯುವುದಿಲ್ಲ. ತಾಜಾ ಇರುತ್ತದೆ, ರುಚಿ ಬದಲಾಗುವುದಿಲ್ಲ, ವಾಸನೆಯೂ ಇಲ್ಲ. ತಿಂದ ಅರ್ಧ ಗಂಟೆಯಲ್ಲೋ ಒಂದೆರಡು ಗಂಟೆಯಲ್ಲೋ ತುಟಿ ಜುಮ್ಮೆನ್ನುತ್ತದೆ, ನಾಲಿಗೆ ಮರಗಟ್ಟುತ್ತದೆ, ಬೆರಳ ತುದಿ ಸ್ಪರ್ಶ ಕಳೆದುಕೊಳ್ಳುತ್ತದೆ. ವಿಷ ಜಾಸ್ತಿ ಇದ್ದರೆ ಉಸಿರಾಟದ ಸ್ನಾಯು ನಿಲ್ಲುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ಕೃತಕ ಉಸಿರಾಟ ಕೊಟ್ಟು ದೇಹ ವಿಷವನ್ನು ಹೊರಹಾಕುವ ತನಕ ಕಾಯಬೇಕು. ಹಾಗೆ ಕಾದರೆ ಜೀವ ಉಳಿಯುತ್ತದೆ, ಇದು ಮುಖ್ಯ. ಬೆಳ್ಳಿ ನಾಣ್ಯ ಹಾಕಿ ನೋಡುವುದು, ಬೆಳ್ಳುಳ್ಳಿ ಹಾಕಿ ನೋಡುವುದು, ಇವು ಯಾವುದೂ ಈ ವಿಷವನ್ನು ತೋರಿಸುವುದಿಲ್ಲ. ಪಾಚಿ ಹೆಚ್ಚಿದಾಗ ನೀರು ಕೆಂಪಾಗಲೇಬೇಕು ಅಂತಲೂ ಇಲ್ಲ.

ಒಂದು ಕೆಜಿ ಮಾಂಸದಲ್ಲಿ ಈ ವಿಷ 0.8 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇಟ್ಟಿದ್ದಾರೆ. ಒಂದು ಮಿಲಿಗ್ರಾಂ ಕೂಡ ಇಲ್ಲ. ಇದನ್ನು ಕಣ್ಣು, ಮೂಗು, ನಾಲಿಗೆ ಹಿಡಿಯಲಾರವು. ಪ್ರಯೋಗಾಲಯವೇ ಬೇಕು. ಹಾಗಾಗಿ ಒಂದೊಂದು ಅಳಿವೆಯ ನೀರನ್ನೂ ಚಿಪ್ಪಿಯನ್ನೂ ಹಿಡಿಯುವ ಕಾಲದಲ್ಲಿ ಬಿಡದೆ ಪರೀಕ್ಷೆ ಮಾಡುತ್ತಿರಬೇಕು. ಫಲಿತಾಂಶ ಹೆಕ್ಕುವವರಿಗೂ ಕೊಳ್ಳುವವರಿಗೂ ಕನ್ನಡದಲ್ಲಿ ತಿಳಿಯಬೇಕು. ರಫ್ತಾಗುವ ಮಾಲಿಗೆ ಇಂಥ ಪರೀಕ್ಷೆ ಇದೆ, ಯಾಕೆಂದರೆ ಹೊರದೇಶದವರು ಕೇಳುತ್ತಾರೆ. ನಮ್ಮ ಸಂತೆಯ ಬುಟ್ಟಿಗೂ ಅಷ್ಟೇ ಜೋರಾಗಿ ನಾವು ಕೇಳಬೇಕು.

ಹೊರದೇಶದವರೂ ಸುಮ್ನೆ ಕಲಿತದ್ದಲ್ಲ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಆಯ್ಸ್ಟರ್ ಅನ್ನುವ ಚಿಪ್ಪಿ ಕೂಲಿಯವರ ಊಟವಾಗಿತ್ತು. ಕ್ರಮೇಣ ಹಿಡಿದು ಹಿಡಿದು ಕಡಿಮೆಯಾಯಿತು, ಬೆಲೆ ಏರಿತು, ದೊಡ್ಡವರ ಮೇಜಿಗೆ ಹೋಯಿತು. 1902ರ ನವೆಂಬರಿನಲ್ಲಿ ವಿಂಚೆಸ್ಟರ್ ಮತ್ತು ಸೌತಾಂಪ್ಟನ್ ಊರುಗಳ ಮೇಯರುಗಳು ಔತಣ ಕೊಟ್ಟರು. ತಿಂದವರಲ್ಲಿ ಹಲವರಿಗೆ ವಿಷಮಶೀತ ಜ್ವರ (ಟೈಫಾಯ್ಡ್) ಬಂತು. ವಿಂಚೆಸ್ಟರ್ ಚರ್ಚಿನ ಡೀನ್ ಸತ್ತೇಹೋದರು. ಚಿಪ್ಪಿ ಬಂದದ್ದು ಎಮ್ಸ್‌ವರ್ತ್ ಅನ್ನುವ ಕಡಲ ಊರಿಂದ. ಅಲ್ಲಿ ಊರಿನ ಚರಂಡಿಯನ್ನು ಚಿಪ್ಪಿ ಸಾಕುವ ಜಾಗಕ್ಕೇ ಬಿಟ್ಟಿದ್ದರು. ಎಮ್ಸ್‌ವರ್ತಿನ ವ್ಯಾಪಾರ ಬಿದ್ದುಹೋಯಿತು. ಊರಿನ ಒಬ್ಬ ವ್ಯಾಪಾರಿ ಸ್ಥಳೀಯ ಆಡಳಿತದ ಮೇಲೆ ಕೇಸು ಹಾಕಿ 1906ರಲ್ಲಿ ಗೆದ್ದರು. ಬೆಲೆ ಎಷ್ಟೇ ಇರಲಿ, ನೀರು ಕೆಟ್ಟರೆ ಮಾಲು ಕೆಟ್ಟಿತು.

ಅಮೆರಿಕದಲ್ಲಿ 1924-25ರ ಚಳಿಗಾಲದಲ್ಲಿ ಆಯ್ಸ್ಟರಿನಿಂದ ಟೈಫಾಯ್ಡ್ ಹರಡಿ ಸುಮಾರು 150 ಜನ ಸತ್ತರು. ಅದರ ಮೇಲೆ ಅವರು ಒಂದು ವ್ಯವಸ್ಥೆ ತಂದರು. ಇವತ್ತು ಅಲ್ಲಿ ಚಿಪ್ಪಿಯ ಒಂದೊಂದು ಚೀಲಕ್ಕೂ ಚೀಟಿ ಕಟ್ಟಿರುತ್ತದೆ. ಯಾರು ಹಿಡಿದರು, ಯಾವ ನೀರಿನಲ್ಲಿ, ಯಾವ ದಿನ. ಹೋಟೆಲಿನವರು ಚೀಲ ಖಾಲಿಯಾದ ಮೇಲೂ ಆ ಚೀಟಿಯನ್ನು 90 ದಿನ ಇಟ್ಟುಕೊಳ್ಳಬೇಕು. ಯಾರಿಗಾದರೂ ಹೊಟ್ಟೆ ಕೆಟ್ಟರೆ ಚೀಟಿ ಹಿಡಿದು ನೇರ ಆ ಹೊಳೆಗೆ ಹೋಗಬಹುದು. ಚೀಟಿಗೆ ಖರ್ಚೆಷ್ಟು? ಏನೂ ಇಲ್ಲ. ಇದು ನಮ್ಮಲ್ಲಿ ನಾಳೆಯೇ ಶುರು ಮಾಡಬಹುದಾದ ಕೆಲಸ.

ಅಸಲಿ ಮಾಲಿನ ಪ್ರಶ್ನೆಗೂ ಇದೇ ಚೀಟಿ ಉತ್ತರ. ಊರ ಚಿಪ್ಪಿ ಅಂತ ಬೋರ್ಡು ಹಾಕಿ ಎಲ್ಲಿಯದೋ ಮಾಲು ಬಡಿಸುವುದು ಸುಲಭ. ಕಾಸರಗೋಡಿನ ಪಡನ್ನದಲ್ಲಿ ಹೆಂಗಸರ ಸಂಘಗಳು ಹಗ್ಗದ ಮೇಲೆ ಪಚ್ಚಿಲೆ ಸಾಕುತ್ತವೆ. ಒಳ್ಳೆಯ ಪಚ್ಚಿಲೆಯೇ. ಅದನ್ನು ಪಡನ್ನದ್ದು ಅಂತಲೇ ಹೇಳಿ ಮಾರಿದರೆ ಆ ಹೆಂಗಸರಿಗೂ ಹೆಸರು ಬರುತ್ತದೆ. ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರಿನ ಚಿಪ್ಪಿಗೆ 2014ರಲ್ಲಿ ಎಂಎಸ್‌ಸಿ (ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ಅನ್ನುವ ಸಂಸ್ಥೆಯ ಅಂತಾರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಮುಂದಕ್ಕೂ ಉಳಿಯುವ ಹಾಗೆ ಹಿಡಿಯುತ್ತಾರೆ ಅಂತ. ಭಾರತದಲ್ಲಿ ಅದೇ ಮೊದಲು. ಮರಿ ಇಡುವ ಡಿಸೆಂಬರಿನಿಂದ ಫೆಬ್ರವರಿ ತನಕ ಹಿಡಿಯುವುದಿಲ್ಲ, ಸಣ್ಣದನ್ನು ಬಲೆಕಣ್ಣಿನಿಂದಲೇ ಬಿಟ್ಟುಬಿಡುತ್ತಾರೆ. ಅಘನಾಶಿನಿಗೆ ಇಂಥದ್ದು ಯಾಕೆ ಆಗಬಾರದು?

ಚಿಪ್ಪು ಸುಲಿದ ಮಾಂಸವನ್ನು ಪ್ಯಾಕೆಟಿನಲ್ಲಿ ಮಾರುವುದು ಈಗ ಜಾಸ್ತಿ. ಕೆಲಸ ಉಳಿಯುತ್ತದೆ, ನಿಜ. ಆದರೆ ಚಿಪ್ಪಿನ ಜೊತೆಗೆ ಸಾಕ್ಷಿಯೂ ಹೋಗುತ್ತದೆ. ಸುಲಿಯುವಾಗ ಅದು ಜೀವ ಇತ್ತಾ, ಇಲ್ವಾ, ಯಾವ ಜಾತಿ, ಏನೂ ತಿಳಿಯುವುದಿಲ್ಲ.

ಸಿಗಡಿಯ ಬಗ್ಗೆ ಎರಡು ಮಾತು. ಈಗ ನಮ್ಮ ದೇಶದಲ್ಲಿ ಹೊಂಡದಲ್ಲಿ ಸಾಕುವ ಸಿಗಡಿಯಲ್ಲಿ ಬಹುಪಾಲು ವನ್ನಾಮಿ, ಅಂದರೆ ಅಮೆರಿಕ ಖಂಡದ ಪೆಸಿಫಿಕ್ ಕರಾವಳಿಯ ತಳಿ. 2009ರಲ್ಲಿ ಇಲ್ಲಿ ಸಾಕಲು ಅನುಮತಿ ಸಿಕ್ಕಿತು. ಅದಕ್ಕೂ ಮೊದಲು ಕುಮಟಾದ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದ ಜಾಗದಲ್ಲಿ, ಟೈಗರ್ ಸಿಗಡಿಯ ಹೊಂಡಗಳು ಬಂದಿದ್ದವು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯ ಹೊಂಡಗಳು ನೆಲಕಚ್ಚಿದವು. ವನ್ನಾಮಿ ಕೆಟ್ಟದ್ದಲ್ಲ. ಹೊಳೆ ಸಿಗಡಿ ಅಂತ ಹೇಳಿ ಹೊಳೆ ಸಿಗಡಿಯ ಬೆಲೆಗೆ ಅದನ್ನು ಮಾರುವುದು ಕೆಟ್ಟದ್ದು. ವನ್ನಾಮಿಯ ಬೆಲೆ ನಿಂತಿರುವುದು ನಮ್ಮ ಸಂತೆಯ ಮೇಲಲ್ಲ, ಅದನ್ನು ಕೊಳ್ಳುವ ಅಮೆರಿಕದ ಮೇಲೆ. 2025ರ ಆಗಸ್ಟಿನಲ್ಲಿ ಅಲ್ಲಿ ಭಾರತದ ಮಾಲಿಗೆ ಸುಂಕ ಶೇ 50ಕ್ಕೆ ಏರಿದಾಗ ನಮ್ಮ ಹೊಂಡದ ರೈತರು ನಿದ್ದೆಗೆಟ್ಟರು. ಶೀತಲ ಪ್ಯಾಕೆಟ್ ಕೊಳ್ಳುವಾಗ ಮೇಲೆ ಹಚ್ಚಿದ ಮಂಜುಗಡ್ಡೆ ಬಿಟ್ಟು ನಿವ್ವಳ ತೂಕ ಎಷ್ಟು ಅಂತ ನೋಡಿ. ‘ಕ್ರ್ಯಾಬ್ ಸ್ಟಿಕ್’ ಅಂತ ಕೆಂಪು ಬಳಿದು ಮಾರುವುದರಲ್ಲಿ ಇರುವುದು ಮುಖ್ಯವಾಗಿ ರುಬ್ಬಿದ ಬಿಳಿ ಮೀನು. ತಿನ್ನಬಾರದು ಅಂತಲ್ಲ, ಏಡಿಯ ದುಡ್ಡು ಕೊಡಬೇಡಿ.

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ಮುಖ್ಯವಾದವು ಇವು.

ಒಬ್ಬ ಅಕ್ಕ ಕೇಳಿದರು, “ಸಂತೆಯಲ್ಲಿ ತಾಜಾ ಅಂತ ಹೇಗೆ ತಿಳಿಯೋದು? ಮನೆಗೆ ತಂದು ಏನು ಮಾಡ್ಬೇಕು?” ನಾನು ಹೇಳಿದ್ದು: ಬಾಯಿ ಬಿಟ್ಟದ್ದನ್ನು ಬೆರಳಿನಿಂದ ತಟ್ಟಿ. ಜೀವ ಇದ್ದರೆ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಬೇಡ. ಕೈಯಲ್ಲಿ ಹಿಡಿದಾಗ ಕಲ್ಲಿನ ಹಾಗೆ ಭಾರ ಅನಿಸಿದರೆ ಒಳಗೆ ಕೆಸರು ತುಂಬಿರಬಹುದು. ಅಂಥದ್ದು ಒಂದು ಪಾತ್ರೆಗೆ ಬಿದ್ದರೆ ಇಡೀ ಸುಕ್ಕಾ ಹಾಳು. ಹಾಗಾಗಿ ಒಂದೊಂದನ್ನೇ ಮೆಟ್ಟುಕತ್ತಿಯಲ್ಲಿ ಬಿಡಿಸಿ, ಮಾಂಸ ಇರುವ ಅರ್ಧ ಇಟ್ಟುಕೊಳ್ಳಿ. ಬಿಡಿಸುವ ಮೊದಲು ಕೆಲವು ಗಂಟೆ ಶುದ್ಧವಾದ ಉಪ್ಪುನೀರಿನಲ್ಲಿ ಇಟ್ಟರೆ ಮರಳು ಬಿಡುತ್ತದೆ. ಇದರಿಂದ ವೈರಸ್ ಆಗಲಿ ಪಾಚಿಯ ವಿಷ ಆಗಲಿ ಹೋಗುವುದಿಲ್ಲ. ಚಿಪ್ಪು ಸಮೇತ ಬೇಯಿಸುವವರು ಬಾಯಿ ತೆರೆದ ಮೇಲೂ ಮೂರರಿಂದ ಐದು ನಿಮಿಷ ಕುದಿಸಿ. ಬಾಯಿ ತೆರೆಯದೇ ಉಳಿದದ್ದನ್ನು ತೆಗೆದುಹಾಕಿ.

ಇನ್ನೊಬ್ಬರು ಮಂಗಳೂರಿನ ಪೇಟೆಯ ಹತ್ತಿರದ ಹೊಳೆಯಲ್ಲಿ ಹೆಕ್ಕಿದ್ದನ್ನು ತಿನ್ನಬಹುದಾ ಅಂತ ಕೇಳಿದರು. ಊರಿನ ಚರಂಡಿ ಬೀಳುವ ಜಾಗ, ಬೋಟು ನಿಲ್ಲುವ ಧಕ್ಕೆ, ಡೀಸೆಲ್ ತೇಲುವ ನೀರು, ಇಲ್ಲಿಯದ್ದು ಬೇಡ. ಮೊದಲ ಮಳೆ ಬಿದ್ದ ಕೂಡಲೇ ಹೆಕ್ಕಿದ್ದೂ ಬೇಡ. ಊರಿನ ಗಲೀಜೆಲ್ಲ ತೊಳೆದು ಹೊಳೆಗೆ ಬರುವುದು ಆಗಲೇ. ಯುರೋಪಿನಲ್ಲಿ ಅಳಿವೆಗಳನ್ನೇ ಎ, ಬಿ, ಸಿ ಅಂತ ವಿಂಗಡಿಸಿದ್ದಾರೆ. 100 ಗ್ರಾಂ ಮಾಂಸದಲ್ಲಿ ಇ. ಕೋಲಿ (ಕಕ್ಕಸಿನ ನೀರು ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) ಸಾಮಾನ್ಯವಾಗಿ 230ರ ಒಳಗಿರುವ ನೀರಿನದ್ದನ್ನು ಮಾತ್ರ ನೇರ ಮಾರಬಹುದು. ಉಳಿದದ್ದನ್ನು ಶುದ್ಧ ನೀರಿನ ತೊಟ್ಟಿಯಲ್ಲಿ ಇಟ್ಟೋ, ಒಳ್ಳೆಯ ಜಾಗಕ್ಕೆ ಸಾಗಿಸಿಯೋ ಆಮೇಲೆ ಮಾರಬೇಕು. ನಮ್ಮ ಕರಾವಳಿಗೂ ಇಂಥ ನಕ್ಷೆ ಬೇಕು ಅಂತ ನಮ್ಮ ಪಂಚಾಯಿತಿ, ಮೀನುಗಾರಿಕೆ ಇಲಾಖೆ, ಶಾಸಕರು ಎಲ್ಲರನ್ನೂ ಕೇಳಿ. ಹೆಕ್ಕುವ ಹೆಂಗಸರನ್ನು ಬೈಯುವುದರಿಂದ ಏನೂ ಆಗುವುದಿಲ್ಲ. ಹೊಳೆಗೆ ಚರಂಡಿ ಬಿಟ್ಟದ್ದು ಅವರಲ್ಲ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ, “ಮನೆಯಲ್ಲಿ ಯಾರಿಗಾದ್ರೂ ತುಟಿ ಜುಮ್ಮೆಂದ್ರೆ ಏನು ಮಾಡ್ಬೇಕು ಸರ್?” ಅಂದ. ಸಿಗಡಿ, ಏಡಿ, ಚಿಪ್ಪಿ ಒಗ್ಗದವರೂ ಇರುತ್ತಾರೆ. ಅವರಿಗೆ ಮೈ ತುರಿಕೆ, ದದ್ದು, ಮುಖ ಊತ ಬರುತ್ತದೆ. ಅದು ಬೇರೆ ತೊಂದರೆ, ಅದಕ್ಕೆ ಔಷಧ ಇದೆ. ಆದರೆ ತುಟಿ, ನಾಲಿಗೆ, ಬೆರಳು ಮರಗಟ್ಟುತ್ತಾ ಬಂದರೆ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. ಎರಡಕ್ಕೂ ತಡ ಮಾಡದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಹೋಗಿ. ಚಿಪ್ಪಿ ತಿಂದದ್ದು ಎಷ್ಟು ಹೊತ್ತಿಗೆ, ಎಲ್ಲಿಂದ ತಂದದ್ದು ಅಂತ ಡಾಕ್ಟರಿಗೆ ಮೊದಲೇ ಹೇಳಿ. ಜೊತೆಗೆ ತಿಂದವರನ್ನೆಲ್ಲ ಕರೆದುಕೊಂಡು ಹೋಗಿ, ಅವರಿಗೆ ಆಗ ಏನೂ ಅನಿಸದಿದ್ದರೂ ಸರಿ. ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲಬೇಡಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಪರೀಕ್ಷೆಗೆ ಅದು ಬೇಕಾಗುತ್ತದೆ. ಆಮೇಲೆ, ಅದೇ ಹೊಳೆಯಲ್ಲಿ ಅವತ್ತು ಹೆಕ್ಕಿದವರಿಗೆ ಒಂದು ಫೋನ್ ಮಾಡಿ.